ಹಾಲಿನಿಂದ ಶುರು ಮಾಡಿ: ಕನ್ನಡದ ಮನೆಯೊಂದು ವೀಗನ್ ಆಗುವ ಬಗೆ, ಹಂತ ಹಂತವಾಗಿ

ಮಾಂಸ ಮುಟ್ಟದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಶ್ರಾವಣದಲ್ಲೋ ಸೋಮವಾರ, ಶನಿವಾರವೋ ಬಿಡುವವರಂತೂ ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಆದರೆ ಹಾಲು ಬಿಟ್ಟವರು? ಹುಡುಕಬೇಕು. ಬೆಳಗಿನ ಕಾಫಿಯಿಂದ ರಾತ್ರಿಯ ಮಜ್ಜಿಗೆ ಅನ್ನದವರೆಗೆ ನಮ್ಮ ದಿನವೇ ಹಾಲಿನ ಮೇಲೆ ನಿಂತಿದೆ. ಅದಕ್ಕೇ ಕನ್ನಡದಲ್ಲಿ ವೀಗನ್ ಬದುಕಿನ ಬಗ್ಗೆ, ಅಂದರೆ ಹಾಲು, ಮೊಟ್ಟೆ ಸೇರಿ ಪ್ರಾಣಿಗಳಿಂದ ಬರುವುದನ್ನೆಲ್ಲ ಬಿಟ್ಟ ಬದುಕಿನ ಬಗ್ಗೆ, ಬರೆಯುವಾಗ ಹಾಲಿನಿಂದಲೇ ಶುರು ಮಾಡಬೇಕು ಅಂತ ನನಗೆ ಅನಿಸುತ್ತದೆ.

1944ರಲ್ಲಿ ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಕೆಲವು ಗೆಳೆಯರು ವೀಗನ್ ಸೊಸೈಟಿ ಕಟ್ಟಿದ್ದೂ ಈ ಹಾಲಿನ ಪ್ರಶ್ನೆಯಿಂದಲೇ. ಅವರೆಲ್ಲ ಮೊದಲೇ ಸಸ್ಯಾಹಾರಿಗಳು. ಮಾಂಸ ಬಿಟ್ಟ ಮೇಲೆ ಹಾಲು, ಮೊಟ್ಟೆ ಮಾತ್ರ ಯಾಕೆ ಸರಿ ಅಂತ ಕೇಳಿಕೊಂಡವರು. ಪ್ರಾಣಿಗಳನ್ನು ದುಡಿಸಿಕೊಳ್ಳುವುದನ್ನು, ಹಿಂಸಿಸುವುದನ್ನು ಕೈಲಾದಷ್ಟು, ಸಾಧ್ಯವಾದಷ್ಟು ಬಿಡುವುದು ಅನ್ನುವುದೇ ವೀಗನ್ ಬದುಕಿನ ತಿರುಳು. "ಕೈಲಾದಷ್ಟು" ಅನ್ನುವುದನ್ನು ನೆನಪಿಡಿ, ಮುಂದೆ ತುಂಬ ಸಲ ಬೇಕಾಗುತ್ತದೆ.

ಈ ದಾರಿ ನಮ್ಮ ಸ್ವಭಾವವನ್ನೂ ಬದಲಿಸುತ್ತದೆ. ನೋಡಲು ಇಷ್ಟವಿಲ್ಲದ್ದನ್ನು ನೇರವಾಗಿ ನೋಡುವುದನ್ನು ಕಲಿಯುತ್ತೀರಿ. ಒಪ್ಪದವರ ಜೊತೆ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡುವುದನ್ನೂ ಕಲಿಯುತ್ತೀರಿ. ಎರಡನೆಯದು ಇನ್ನೂ ಕಷ್ಟ.

ಹಂತ 1: ಗಂಡು ಕರು ಎಲ್ಲಿ ಹೋಯಿತು ಅಂತ ಕೇಳಿ

ಅಡುಗೆಮನೆಗೆ ಆಮೇಲೆ ಹೋಗೋಣ. ಮನಸ್ಸಿಗೆ ಕಾರಣ ಗಟ್ಟಿಯಾಗದಿದ್ದರೆ ಎರಡು ವಾರದಲ್ಲಿ ಮತ್ತೆ ಹಳೇ ಕಾಫಿಗೇ ಬಂದು ನಿಲ್ಲುತ್ತೀರಿ.

ಹಸು ಸುಮ್ನೆ ಹಾಲು ಕೊಡುವುದಿಲ್ಲ. ಗಬ್ಬ ಆಗಬೇಕು, ಒಂಬತ್ತು ತಿಂಗಳು ಹೊರಬೇಕು, ಕರು ಹಾಕಬೇಕು. ಹಾಲು ನಿಲ್ಲದೆ ಬರಬೇಕು ಅಂದರೆ ಇದು ಮತ್ತೆ ಮತ್ತೆ ಆಗುತ್ತಲೇ ಇರಬೇಕು. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಹಳ್ಳಿಯಲ್ಲಿ ಹಸು ಈಯ್ದ ತಕ್ಷಣ ಎಲ್ಲರೂ ಕೇಳುವುದು ಒಂದೇ ಮಾತು: "ಹೆಣ್ಣಾ, ಗಂಡಾ?" ಹೆಣ್ಣು ಅಂದರೆ ಮುಖ ಅರಳುತ್ತದೆ. ಗಂಡು ಅಂದರೆ "ಹ್ಞೂಂ" ಅಂತ ಮಾತು ಅಲ್ಲಿಗೇ ನಿಲ್ಲುತ್ತದೆ.

ಹಿಂದೆ ಹೀಗಿರಲಿಲ್ಲ. ಹೋರಿಕರು ಬೆಳೆದು ಎತ್ತಾಗುತ್ತಿತ್ತು, ನೇಗಿಲು ಎಳೆಯುತ್ತಿತ್ತು, ಗಾಡಿ ಎಳೆಯುತ್ತಿತ್ತು. ಈಗ ಆ ಕೆಲಸವನ್ನು ಟ್ರ್ಯಾಕ್ಟರ್, ಟಿಲ್ಲರ್ ಮಾಡುತ್ತವೆ. ಅದರ ಮೇಲೆ ಜಾಸ್ತಿ ಹಾಲಿಗೆ ಅಂತ ತಂದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್), ಜೆರ್ಸಿ ಎಂಬ ವಿದೇಶಿ ತಳಿಯ ಗಂಡುಕರುಗಳಿಗೆ ನೊಗ ಕೂರಲು ಬೇಕಾದ ಹಿಣಿಲು ಸರಿಯಾಗಿ ಇರುವುದಿಲ್ಲ, ನಮ್ಮ ಬಿಸಿಲೂ ತಡೆಯುವುದಿಲ್ಲ. ಹಾಲೂ ಇಲ್ಲ, ಉಳುಮೆಗೂ ಇಲ್ಲ. ಮೇವು ಮಾತ್ರ ದಿನಾ ಬೇಕು.

ಲೆಕ್ಕ ನೋಡಿ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಸುಗಳು ಸುಮಾರು 14.5 ಕೋಟಿ. ಹೋರಿ, ಎತ್ತುಗಳು ಸುಮಾರು 4.7 ಕೋಟಿ ಮಾತ್ರ. 2012ರಿಂದ 2019ರ ನಡುವೆ ಹಸುಗಳ ಸಂಖ್ಯೆ 18% ಏರಿದೆ, ಗಂಡು ದನಗಳದ್ದು 30% ಇಳಿದಿದೆ. ಎಮ್ಮೆಗಳಲ್ಲಿ ಇದು ಇನ್ನೂ ಭಯಂಕರ. ಹೆಣ್ಣು 10 ಕೋಟಿ, ಗಂಡು ಒಂದು ಕೋಟಿಗೂ ಕಡಿಮೆ. ಸಮಸಮವಾಗಿ ಹುಟ್ಟಿದವು ಎಲ್ಲಿ ಹೋದವು? ಕೆಲವು ಹಾಲು ಸಿಗದೆ ಸತ್ತವು, ಕೆಲವು ದಲ್ಲಾಳಿಯ ಕೈ ಸೇರಿದವು, ಕೆಲವನ್ನು ದೂರದ ರಸ್ತೆಯಲ್ಲಿ ಬಿಟ್ಟು ಬಂದರು. ಅದೇ ಗಣತಿಯಲ್ಲಿ ಬೀಡಾಡಿ ದನಗಳ ಲೆಕ್ಕ 50 ಲಕ್ಷ. ಎಮ್ಮೆ, ಕೋಣದ ಮಾಂಸ ರಫ್ತು ಮಾಡುವ ದೊಡ್ಡ ದೇಶಗಳಲ್ಲಿ ನಮ್ಮದೂ ಒಂದು. 1998ರಿಂದ ಹಾಲಿನ ಉತ್ಪಾದನೆಯಲ್ಲಿ ಜಗತ್ತಿಗೇ ಮೊದಲು ಇರುವ ದೇಶವೂ ನಮ್ಮದೇ. ಈ ಎರಡು ಸುದ್ದಿಗಳನ್ನು ಪತ್ರಿಕೆಗಳು ಬೇರೆ ಬೇರೆ ಪುಟದಲ್ಲಿ ಹಾಕುತ್ತವೆ. ಕೊಟ್ಟಿಗೆ ಮಾತ್ರ ಒಂದೇ.

"ನಮ್ಮ ರಾಜ್ಯದಲ್ಲಿ ಕಾಯ್ದೆ ಇದೆಯಲ್ಲ" ಅನ್ನುತ್ತಾರೆ. ಇದೆ. ಕರ್ನಾಟಕದ 2020ರ ಕಾಯ್ದೆ ಹಸು, ಕರು, ಹೋರಿ, ಎತ್ತುಗಳ ವಧೆಯನ್ನು ಯಾವ ವಯಸ್ಸಿನಲ್ಲೂ ಒಪ್ಪುವುದಿಲ್ಲ. ಎಮ್ಮೆ, ಕೋಣಗಳಿಗೆ 13 ವರ್ಷದ ಮಿತಿ ಇಟ್ಟಿದೆ. ಆದರೆ ಕಾಯ್ದೆ ಮೇವು ಹಾಕುವುದಿಲ್ಲ. ಹಾಲು ಬತ್ತಿದ ಹಸುವನ್ನು, ಗಂಡುಕರುವನ್ನು ಹತ್ತಾರು ವರ್ಷ ಸಾಕುವ ಶಕ್ತಿ ಎರಡು ಹಸು ಕಟ್ಟಿಕೊಂಡ ರೈತನಿಗೆ ಎಲ್ಲಿಂದ ಬರಬೇಕು? ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಡೇರಿಗೆ ಹಾಲು ಹಾಕಿ ಬಂದ ದುಡ್ಡಲ್ಲಿ ಮಕ್ಕಳನ್ನು ಓದಿಸಿದ ಹೆಂಗಸರು ನಮ್ಮ ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಲೆಕ್ಕ ತಪ್ಪಿರುವುದು ಅವರದ್ದಲ್ಲ. ಕಡಿಮೆ ಬೆಲೆಗೆ, ಬೇಕಾದಷ್ಟು ಹಾಲು ಬೇಕು ಅನ್ನುವ ನಮ್ಮದು.

ಸಾಧ್ಯವಾದರೆ ಒಂದು ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ಯಾವುದಾದರೂ ಕೊಟ್ಟಿಗೆಗೆ ಹೋಗಿ ನಿಲ್ಲಿ. ಕರುವನ್ನು ಬಿಡುತ್ತಾರೆ. ಅದು ಓಡಿಬಂದು ಕೆಚ್ಚಲಿಗೆ ಬಾಯಿ ಹಾಕಿ ಗುದ್ದುತ್ತದೆ. ಹಸು ಸೊರೆ ಬಿಡುತ್ತದೆ, ಕೆಚ್ಚಲಿಗೆ ಹಾಲು ಇಳಿಯುತ್ತದೆ. ಆಗ ಕರುವನ್ನು ಎಳೆದು ಎದುರಿಗೆ ಕಟ್ಟುತ್ತಾರೆ. ಹಸು ಅದರ ಮೈ ನೆಕ್ಕುತ್ತಾ ನಿಂತಿರುತ್ತದೆ, ಇತ್ತ ಚೊಂಬು ತುಂಬುತ್ತದೆ. ಯಾರೂ ಕ್ರೂರಿಗಳಲ್ಲ. ಮನೆಯ ಅಜ್ಜಿ ಹಸುವಿನ ಬೆನ್ನು ಸವರುತ್ತಲೇ ಇರುತ್ತಾರೆ. ಆದರೂ ಆ ಹಗ್ಗ ಕಣ್ಣಿಗೆ ಬಿದ್ದ ಮೇಲೆ ಮರೆಯುವುದು ಕಷ್ಟ.

ಮೊಟ್ಟೆಯ ಕತೆಯೂ ಹೀಗೆಯೇ. ಮೊಟ್ಟೆ ಇಡುವ ತಳಿಯ ಗಂಡು ಮರಿಗಳು ಮಾಂಸಕ್ಕೂ ಆಗುವುದಿಲ್ಲ. ಅವನ್ನು ಬಹುತೇಕ ಹುಟ್ಟಿದ ದಿನವೇ ಸಾಯಿಸುತ್ತಾರೆ. ಫಾರಂಗಳಲ್ಲಿ ಬಹುತೇಕ ಹೇಂಟೆಗಳು ಪಂಜರದೊಳಗೆ ಒಂದು ಎ4 ಹಾಳೆಗಿಂತ ಕಡಿಮೆ ಜಾಗದಲ್ಲಿ, ರೆಕ್ಕೆ ಬಿಚ್ಚಲಾಗದೆ, ತಂತಿಯ ಮೇಲೆ ನಿಂತು ಜೀವನ ಮುಗಿಸುತ್ತವೆ.

ಹಂತ 2: ಒಂದು ವಾರ ಏನೂ ಬದಲಿಸಬೇಡಿ, ಬರೆದಿಡಿ

ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ದಿನಾ ತಿಂದದ್ದನ್ನೆಲ್ಲ ಬರೆಯಿರಿ. ಪ್ರಾಣಿಯಿಂದ ಬಂದದ್ದರ ಕೆಳಗೆ ಗೆರೆ ಎಳೆಯಿರಿ. ವಾರದ ಕೊನೆಗೆ ನಿಮಗೇ ಆಶ್ಚರ್ಯ ಆಗುತ್ತದೆ. ರಾಗಿ ಮುದ್ದೆ, ಬಸ್ಸಾರು, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ನೀರುದೋಸೆ, ಪತ್ರೊಡೆ, ಹಿತಕಿದ ಅವರೆಬೇಳೆ ಸಾರು, ಚಿತ್ರಾನ್ನ, ಪುಳಿಯೋಗರೆ, ಕೋಸಂಬರಿ. ಇವೆಲ್ಲ ಯಾರೂ ಹೆಸರಿಡದೆಯೇ ವೀಗನ್. ಗೆರೆ ಬೀಳುವುದು ಬಹುತೇಕ ನಾಲ್ಕು ಜಾಗದಲ್ಲಿ: ಕಾಫಿ-ಟೀ, ಮೊಸರು, ತುಪ್ಪ, ಸಿಹಿ. ಮಾಂಸಾಹಾರಿಗಳಾದರೆ ಮೊಟ್ಟೆ, ಕೋಳಿ, ಮೀನು, ಕುರಿ ಸೇರುತ್ತವೆ.

ಮಾಂಸ ತಿನ್ನುವವರಿಗೆ ಒಂದು ಮಾತು. ಬಹಳ ಜನ ಮೊದಲು ಮಟನ್ ಬಿಟ್ಟು ಕೋಳಿಗೆ ಇಳಿಯುತ್ತಾರೆ. ಜೀವಗಳ ಲೆಕ್ಕದಲ್ಲಿ ಇದು ತಿರುಗುಮುರುಗು. ಒಂದು ಕುರಿ ಎಷ್ಟೋ ಮನೆಗಳಿಗೆ ಆಗುತ್ತದೆ. ಕೋಳಿ ಒಂದು ಮನೆಯ ಒಂದು ದಿನಕ್ಕೆ ಮುಗಿಯುತ್ತದೆ. ಫಾರಂ ಕೋಳಿ ಬದುಕುವುದೇ ಸುಮಾರು ಆರು ವಾರ. ಮೊದಲು ಬಿಡಬೇಕಾದದ್ದು ಫಾರಂ ಕೋಳಿ ಮತ್ತು ಮೊಟ್ಟೆ.

ಹಂತ 3: ಕಾಫಿ, ಟೀ

ಹಾಲಿನ ಪದಾರ್ಥಗಳಲ್ಲಿ ಎಲ್ಲಕ್ಕಿಂತ ಮೊದಲು ಇಲ್ಲಿ ಕೈ ಹಾಕಿ. ಇದು ದಿನಾ ಎರಡು-ಮೂರು ಸಲ ಬರುವ ಪರೀಕ್ಷೆ. ಇದು ಗೆದ್ದರೆ ಉಳಿದದ್ದು ಹಗುರ.

ಸುಲಭದ ದಾರಿ ಬೆಲ್ಲದ ಕರಿ ಕಾಫಿ. ಮಲೆನಾಡು, ಕೊಡಗಿನ ಕಡೆ ಇದು ಹೊಸತೇನಲ್ಲ. ನೀರು ಕುದಿಸಿ, ಬೆಲ್ಲ ಕರಗಿಸಿ, ಪುಡಿ ಹಾಕಿ ಮುಚ್ಚಿಡಿ, ಸೋಸಿ ಕುಡಿಯಿರಿ. ಚಿಕೋರಿ ಕಡಿಮೆ ಇರುವ ಪುಡಿ ತಗೊಳ್ಳಿ, ಇಲ್ಲದಿದ್ದರೆ ಕಹಿಯೇ ಎದ್ದು ಕಾಣುತ್ತದೆ. ಟೀಗೆ ಶುಂಠಿ, ನಿಂಬೆ.

ಬಿಳಿ ಕಾಫಿಯೇ ಬೇಕು ಅನ್ನುವವರು ಗೋಡಂಬಿ ಹಾಲು ಮಾಡಿಕೊಳ್ಳಿ. ಎರಡು ಚಮಚ ಗೋಡಂಬಿ ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದು ಲೋಟ ನೀರಿನ ಜೊತೆ ನುಣ್ಣಗೆ ರುಬ್ಬಿ. ಸೋಸುವುದೂ ಬೇಡ. ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕುದಿಸಬೇಡಿ, ಕುದಿಸಿದರೆ ಗಂಜಿಯಾಗುತ್ತದೆ. ಲೋಟಕ್ಕೆ ಮೊದಲು ಹಾಲು ಹಾಕಿ, ಮೇಲಿಂದ ಗಟ್ಟಿ ಡಿಕಾಕ್ಷನ್ ನಿಧಾನಕ್ಕೆ ಸುರಿಯಿರಿ. ಸೋಯಾ ಹಾಲು ಒಡೆಯುವುದು ಬಹುತೇಕ ತಣ್ಣನೆಯದನ್ನು ಕುದಿಯುವ ಡಿಕಾಕ್ಷನ್‌ಗೆ ಒಮ್ಮೆಲೇ ಸುರಿದಾಗ. ಅಂಗಡಿಯ ಓಟ್ ಡ್ರಿಂಕ್ ಚೆನ್ನಾಗಿಯೇ ಇರುತ್ತದೆ, ಆದರೆ ನಂದಿನಿ ಹಾಲಿಗಿಂತ ಹಲವು ಪಟ್ಟು ದುಬಾರಿ. ವೀಗನ್ ಅಂದರೆ ದುಡ್ಡಿದ್ದವರ ಆಟ ಅನ್ನುವ ಮಾತು ಹುಟ್ಟಿದ್ದು ಇಂಥ ಪ್ಯಾಕೆಟ್‌ಗಳಿಂದಲೇ. ಮಿಕ್ಸಿ ಇದ್ದರೆ ಇದರ ಹಂಗು ಬೇಡ.

ಹಂತ 4: ಮೊಸರು

ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. "ಎಲ್ಲಾ ಬಿಟ್ಟೆ, ಮೊಸರೊಂದು ಆಗಲ್ಲ" ಅನ್ನುವವರೇ ಹೆಚ್ಚು. ಶೇಂಗಾದಿಂದ ಒಳ್ಳೆಯ ಮೊಸರು ಆಗುತ್ತದೆ, ಖರ್ಚೂ ಕಡಿಮೆ.

ಮೊದಲು ಹೆಪ್ಪು ಮಾಡಿಕೊಳ್ಳಬೇಕು. ಹಾಲಿನ ಮೊಸರನ್ನು ಹೆಪ್ಪಿಗೆ ಹಾಕುವ ಹಾಗಿಲ್ಲವಲ್ಲ. ಹಸಿಮೆಣಸಿನಕಾಯಿಯ ತೊಟ್ಟಿನಲ್ಲಿ ಮೊಸರು ಕಟ್ಟಿಸುವ ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತದೆ. ಎಂಟು-ಹತ್ತು ತಾಜಾ ತೊಟ್ಟುಗಳನ್ನು ಟೊಪ್ಪಿಯ ಸಮೇತ ಕಿತ್ತು ಒಮ್ಮೆ ನೀರಲ್ಲಿ ಅದ್ದಿ ತೆಗೆಯಿರಿ.

ಒಂದು ಲೋಟ ಹಸಿ ಶೇಂಗಾ ರಾತ್ರಿ ನೆನೆಹಾಕಿ. ಬೆಳಗ್ಗೆ ಅಂಗೈಯಲ್ಲಿ ಉಜ್ಜಿ ಸಿಪ್ಪೆ ತೆಗೆಯಿರಿ. ಸಿಪ್ಪೆ ಉಳಿದರೆ ಮೊಸರು ಒಗರಾಗುತ್ತದೆ, ಬಣ್ಣವೂ ಮಾಸಲು. ನಾಲ್ಕು ಲೋಟ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ರುಬ್ಬಿ, ಪಂಚೆಯ ತೆಳು ಬಟ್ಟೆಯಲ್ಲಿ ಹಿಂಡಿ. ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಇಟ್ಟು ಕೈಯಾಡಿಸುತ್ತಲೇ ಇರಿ. ಕುದಿ ಬಂದ ಮೇಲೂ ಏಳೆಂಟು ನಿಮಿಷ ಬಿಡಬೇಡಿ. ಹಸಿ ಶೇಂಗಾದ ವಾಸನೆ ಹೋಗಿ, ಮೇಲೆ ತೆಳ್ಳಗೆ ಕೆನೆ ಕಟ್ಟಲು ಶುರುವಾದರೆ ಆಯಿತು. ಇಳಿಸಿ. ಬೆರಳಿಟ್ಟರೆ ಬೆಚ್ಚಗೆ ಅನಿಸುವಷ್ಟು ಆರಲಿ.

ಆಗ ಅರ್ಧ ಲೋಟ ಬೇರೆ ಬಟ್ಟಲಿಗೆ ತೆಗೆದು ತೊಟ್ಟುಗಳನ್ನು ಮುಳುಗಿಸಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಹತ್ತು-ಹನ್ನೆರಡು ಗಂಟೆ ಇಡಿ. ಉಳಿದ ಶೇಂಗಾ ಹಾಲನ್ನು ಫ್ರಿಜ್‌ನಲ್ಲಿಡಿ. ಬಟ್ಟಲಿನದು ಸ್ವಲ್ಪ ಖಾರ, ಸ್ವಲ್ಪ ನೀರುನೀರು ಇರುತ್ತದೆ. ಚಿಂತೆ ಬೇಡ, ಅದು ತಿನ್ನಲಿಕ್ಕಲ್ಲ. ತೊಟ್ಟು ತೆಗೆದು, ಉಳಿದ ಹಾಲನ್ನು ಬೆಚ್ಚಗೆ ಮಾಡಿ, ಅದಕ್ಕೆ ಎರಡು ಚಮಚ ಈ ಹೆಪ್ಪು ಹಾಕಿ. ಮೊದಲ ಮೊಸರಿಗಿಂತ ಎರಡನೆಯದು, ಎರಡನೆಯದಕ್ಕಿಂತ ಮೂರನೆಯದು ಗಟ್ಟಿಯಾಗುತ್ತ ಹೋಗುತ್ತದೆ. ರುಬ್ಬುವಾಗ ನಾಲ್ಕು ಗೋಡಂಬಿ ಸೇರಿಸಿದರೆ ನುಣುಪು ಬರುತ್ತದೆ. ಬಟ್ಟೆಯಲ್ಲಿ ಉಳಿದ ಚರಟವನ್ನು ಎಸೆಯಬೇಡಿ, ಪಲ್ಯಕ್ಕೆ, ಚಟ್ನಿಗೆ, ರೊಟ್ಟಿ ಹಿಟ್ಟಿಗೆ ಆಗುತ್ತದೆ.

ಈ ಮೊಸರಿಗೆ ಸಾಸಿವೆ, ಇಂಗು, ಕರಿಬೇವು, ಶುಂಠಿ ಒಗ್ಗರಣೆ ಕೊಟ್ಟು ಅನ್ನ ಕಲಸಿದರೆ ಊಟ ತೃಪ್ತಿಯಾಗಿಯೇ ಮುಗಿಯುತ್ತದೆ. ಬರಿ ಬಟ್ಟಲಲ್ಲಿ ಹಾಕಿ ತಿಂದರೆ ಶೇಂಗಾ ಅಂತ ಗೊತ್ತಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಮಜ್ಜಿಗೆಹುಳಿಗೆ ಹಾಕುವಾಗ ಒಲೆ ಆರಿಸಿದ ಮೇಲೆ ಬೆರೆಸಿ, ಇಲ್ಲದಿದ್ದರೆ ಒಡೆಯುತ್ತದೆ. ಬೇಸಿಗೆಯಲ್ಲಿ ಮಜ್ಜಿಗೆಯ ಜಾಗಕ್ಕೆ ಪುನರ್ಪುಳಿ (ಕೋಕಂ) ಸಾರು ಅಥವಾ ಕಾಯಿಹಾಲು ಬೆರೆಸಿದ ಪುನರ್ಪುಳಿ ಇದ್ದರೆ ಮಜ್ಜಿಗೆಯ ನೆನಪೇ ಬರುವುದಿಲ್ಲ. ಕರಾವಳಿಯವರಿಗೆ ನಾನು ಹೇಳಿಕೊಡಬೇಕಾದ್ದೇನಿಲ್ಲ.

ಹಂತ 5: ತುಪ್ಪ, ಹಬ್ಬ, ನೈವೇದ್ಯ

ತುಪ್ಪದ ಬದಲು ನಿಮ್ಮ ಊರಿನ ಎಣ್ಣೆ ಬಳಸಿ. ಕರಾವಳಿಗೆ ಕೊಬ್ಬರಿ ಎಣ್ಣೆ, ಉತ್ತರ ಕರ್ನಾಟಕಕ್ಕೆ ಶೇಂಗಾ ಎಣ್ಣೆ, ಹಳೇ ಮೈಸೂರಿನ ಕಡೆ ಹುಚ್ಚೆಳ್ಳೆಣ್ಣೆ. ವನಸ್ಪತಿ ಮಾತ್ರ ಬೇಡ.

ಹಬ್ಬಗಳಲ್ಲಿ ಅಂದುಕೊಂಡಷ್ಟು ಕಷ್ಟವಿಲ್ಲ. ಯುಗಾದಿಯ ಬೇವು-ಬೆಲ್ಲ, ಸಂಕ್ರಾಂತಿಯ ಎಳ್ಳು-ಬೆಲ್ಲ, ರಾಮನವಮಿಯ ಪಾನಕ, ಕೋಸಂಬರಿ ಇದ್ದ ಹಾಗೆಯೇ ಸರಿ. ಹೋಳಿಗೆಯನ್ನು ಎಣ್ಣೆಯಲ್ಲಿ ಬೇಯಿಸಿ, ಕಾಯಿಹಾಲಿನ ಜೊತೆ ತಿನ್ನಿ. ಗಸಗಸೆ ಪಾಯಸಕ್ಕೆ ತೆಂಗಿನಕಾಯಿ, ಬೆಲ್ಲ ಸಾಕು. ನಾಗರಪಂಚಮಿಗೆ ಹಾವಿಗೆ ಹಾಲೆರೆಯುವುದನ್ನು ಬಿಟ್ಟರೆ ಹಾವಿಗೂ ಒಳ್ಳೆಯದು, ಹಾಲು ಅದರ ಆಹಾರವೇ ಅಲ್ಲ. ತಂಬಿಟ್ಟು, ಎಳ್ಳುಂಡೆ ಇರಲಿ. ಪಂಚಾಮೃತದ ವಿಚಾರ ಮನೆಯ ಹಿರಿಯರ ಭಕ್ತಿಗೆ ಸೇರಿದ್ದು. ನಿಮ್ಮ ಪೂಜೆಯಲ್ಲಿ ಎಳನೀರು, ಹಣ್ಣು ಇಡಿ. ಅವರ ಪೂಜೆಯಲ್ಲಿ ಅವರಿಷ್ಟ.

ಹಂತ 6: ಬಿ12 ಮಾತ್ರೆ, ಇದಕ್ಕೆ ಸಡಿಲಿಕೆ ಇಲ್ಲ

ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಹಾಲು, ಮೊಟ್ಟೆ, ಮಾಂಸ ಎಲ್ಲ ಬಿಟ್ಟ ಮೇಲೆ ವಿಟಮಿನ್ ಬಿ12 ಊಟದಿಂದ ಬರುವುದಿಲ್ಲ. ಇಡ್ಲಿ ಹಿಟ್ಟು ಹುದುಗಿದರೆ ಬರುತ್ತದೆ, ಸ್ಪಿರುಲಿನಾದಲ್ಲಿ ಇದೆ ಅನ್ನುವ ಮಾತುಗಳನ್ನು ನಂಬಿ ಕೂರಬೇಡಿ. ಕೊರತೆ ನಿಧಾನಕ್ಕೆ ಬರುತ್ತದೆ. ಸುಸ್ತು, ಕೈಕಾಲು ಜೋಮು, ಮರೆವು. ಬಿಟ್ಟರೆ ನರಗಳಿಗೆ ಹಾನಿ. ದಿನಕ್ಕೆ 10 ಮೈಕ್ರೋಗ್ರಾಂ ಅಥವಾ ವಾರಕ್ಕೆ 2000 ಮೈಕ್ರೋಗ್ರಾಂ ಮಾತ್ರೆ ಅನ್ನುವುದು ವೀಗನ್ ಸೊಸೈಟಿಯ ಸಲಹೆ. ಶುರುವಿನಲ್ಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ ಹತ್ತಿರ ಮಾತಾಡಿ. ಜೊತೆಗೆ ವಿಟಮಿನ್ ಡಿ ಕೂಡ ನೋಡಿಸಿ. ಅದು ಹಾಲು ಕುಡಿಯುವವರಲ್ಲೂ ಕಡಿಮೆ ಇರುತ್ತದೆ.

ಕ್ಯಾಲ್ಸಿಯಂಗೆ ನಮ್ಮ ನಾಡು ಭಾಗ್ಯವಂತ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಅಷ್ಟೇ ಹಸುವಿನ ಹಾಲಿನಲ್ಲಿ ಸುಮಾರು 120. ರಾಗಿಯದ್ದನ್ನು ಮೈ ಅಷ್ಟು ಸಲೀಸಾಗಿ ಹೀರಿಕೊಳ್ಳುವುದಿಲ್ಲ, ಅದಕ್ಕೇ ಮೊಳಕೆ ಕಟ್ಟಿಸಿ ಹಿಟ್ಟು ಮಾಡಿಸಿ. ಸಿಪ್ಪೆ ಸಮೇತ ಎಳ್ಳು, ನುಗ್ಗೆಸೊಪ್ಪು, ಹುರುಳಿ ಊಟದಲ್ಲಿ ಆಗಾಗ ಬರಲಿ. ಪ್ರೋಟೀನ್ ಬಗ್ಗೆ ಜನ ಸುಮ್ಮನೆ ಹೆದರಿಸುತ್ತಾರೆ, ಆದರೆ ಅನ್ನ-ತಿಳಿಸಾರು ಮಾತ್ರ ತಿಂದರೆ ಆ ಹೆದರಿಕೆ ನಿಜವೇ ಆಗುತ್ತದೆ. 60 ಕೆ.ಜಿ. ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು. ಎರಡೂ ಹೊತ್ತು ಕಾಳು ಇರಬೇಕು: ಅವರೆ, ಅಲಸಂದೆ, ಹೆಸರುಕಾಳು, ಮಡಕೆ, ಕಡಲೆ. ಮಧ್ಯೆ ಒಂದು ಹಿಡಿ ಶೇಂಗಾ. ಒಮೆಗಾ-3ಗೆ ಅಗಸಿ ಚಟ್ನಿಪುಡಿ. ಸೊಪ್ಪಿನ ಕಬ್ಬಿಣ ಮೈಗೆ ಹತ್ತಲು ಮೇಲೊಂದು ನಿಂಬೆ ಹಿಂಡಿ, ಊಟದ ಜೊತೆಗೇ ಕಾಫಿ ಬೇಡ.

ಗರ್ಭಿಣಿಯರು, ಬಾಣಂತಿಯರು, ಮಕ್ಕಳು ವೈದ್ಯರ ಸಲಹೆ ಇಲ್ಲದೆ ಬದಲಿಸಬಾರದು. ಕೈಗೂಸಿಗೆ ತಾಯಿಹಾಲು ಅಥವಾ ಡಾಕ್ಟರು ಹೇಳಿದ ಫಾರ್ಮುಲಾದ ಜಾಗದಲ್ಲಿ ಮನೆಯ ಗೋಡಂಬಿ ಹಾಲು, ಶೇಂಗಾ ಹಾಲು ಕೊಡುವುದು ಅಪಾಯ.

ಹಂತ 7: ಹೋಟೆಲ್, ಮದುವೆಮನೆ, ಅಂಗಡಿ

ದರ್ಶಿನಿಯಲ್ಲಿ ಇಡ್ಲಿ, ವಡೆ, ಚಟ್ನಿ, ಸಾಂಬಾರು ಬಹುತೇಕ ಸರಿ. ರವೆ ಇಡ್ಲಿಗೆ ಮೊಸರು ಹಾಕಿರುತ್ತಾರೆ. ಪೊಂಗಲ್, ಕೇಸರಿಬಾತ್, ಬಿಸಿಬೇಳೆಬಾತ್ ತುಪ್ಪದವು. ದೋಸೆಗೆ "ಬೆಣ್ಣೆ ತುಪ್ಪ ಬೇಡ, ಎಣ್ಣೆ ಹಾಕಿ" ಅಂತ ಕೌಂಟರಿನಲ್ಲಿ ಹೇಳಿದರೆ ಸಾಲದು, ಕಾವಲಿ ಹತ್ತಿರ ನಿಂತವರಿಗೂ ಹೇಳಿ. ಉತ್ತರ ಕರ್ನಾಟಕದ ಖಾನಾವಳಿಯಲ್ಲಿ ಮೊಸರಿನ ಬಟ್ಟಲು ಪಕ್ಕಕ್ಕಿಟ್ಟರೆ ಬಹುಪಾಲು ಊಟ ನಿಮ್ಮದೇ. ಮದುವೆಮನೆಯಲ್ಲಿ ತುಪ್ಪದವರು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದು "ಬೇಡ" ಅಂದರೆ ಸಾಕು. ಯಾಕೆ ಅಂತ ವಿವರಿಸಲು ಅದು ಹೊತ್ತಲ್ಲ, ಬಡಿಸುವವರ ಹಿಂದೆ ಹುಳಿಯವರು ಕಾಯುತ್ತಿರುತ್ತಾರೆ.

ಅಂಗಡಿಯ ಪೊಟ್ಟಣದ ಹಸಿರು ಚುಕ್ಕೆ ಸಸ್ಯಾಹಾರದ್ದು, ಅದರೊಳಗೆ ಹಾಲು, ಜೇನು ಇರಬಹುದು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2022ರಲ್ಲಿ ವೀಗನ್ ಆಹಾರದ ನಿಯಮ ತಂದಿದೆ. ಹಸಿರು "ವಿ" (V) ಅಕ್ಷರದ ಜೊತೆ ಎಲೆಯ ಚಿತ್ರ ಇರುವ ಗುರುತು ಅದರದ್ದು. ಅದಿಲ್ಲದಿದ್ದರೆ ಪದಾರ್ಥಗಳ ಪಟ್ಟಿ ಓದಿ: ಮಿಲ್ಕ್ ಸಾಲಿಡ್ಸ್, ವೇ, ಕೇಸೀನ್ ಇದ್ದರೆ ಹಾಲು ಇದೆ ಅಂತ ಅರ್ಥ. ಔಷಧಿಯ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಜೆಲಟಿನ್ ಇರುತ್ತದೆ, ಅದನ್ನು ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆಯುತ್ತಾರೆ. ಬದಲಿ ಇದೆಯಾ ಅಂತ ಡಾಕ್ಟರನ್ನು ಕೇಳಿ, ಇಲ್ಲದಿದ್ದರೆ ನುಂಗಿ. "ಕೈಲಾದಷ್ಟು" ಅಂದದ್ದು ಇದಕ್ಕೇ.

ಹಂತ 8: ಮನೆಯವರು

"ಮೊಸರಿಲ್ದೆ ಅದೆಂಥ ಊಟನೋ?"

"ಇವತ್ತು ಇನ್ನೊಂದು ಸೌಟು ಸಾರು ಹಾಕಮ್ಮ, ಸಾಕು."

ಇಂಥ ಉತ್ತರ ಕಲಿಯಲು ನನ್ನ ಪ್ರಕಾರ ಮೊಸರು ಮಾಡುವುದಕ್ಕಿಂತ ಜಾಸ್ತಿ ಕಾಲ ಬೇಕು. ಗಂಡುಕರುವಿನ ಲೆಕ್ಕ ಓದಿದ ಮೇಲೆ ಎದೆಯಲ್ಲಿ ಒಂದು ಉರಿ ಇರುತ್ತದೆ. ಅದನ್ನು ಊಟದ ಎಲೆಯ ಮುಂದೆ ಕಕ್ಕಬೇಡಿ. ಅಮ್ಮನ ಪಾಲಿಗೆ ತುಪ್ಪ ಅಂದರೆ ಪ್ರೀತಿ. "ಬೇಡ" ಅಂದಾಗ ತನ್ನನ್ನೇ ಬೇಡ ಅಂದ ಹಾಗೆ ಅವರಿಗೆ ಅನಿಸುತ್ತದೆ. ಮೊದಲು ಅವರು ಕೈಯಾರೆ ಮಾಡುವ, ಹಾಲು-ತುಪ್ಪ ಇಲ್ಲದ ಅಡುಗೆಯನ್ನು ಬಾಯ್ತುಂಬ ಕೇಳಿ. "ಅಮ್ಮ, ನಾಳೆ ಹುರುಳಿ ಬಸ್ಸಾರು ಮಾಡ್ತೀಯಾ?" ಅಂದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಯಾಕೆ ಬಿಟ್ಟೆ ಅಂತ ಅವರೇ ಕೇಳುವ ದಿನ ಬರುತ್ತದೆ. ಆಗ ಮೆತ್ತಗೆ, ಚಿಕ್ಕದಾಗಿ ಹೇಳಿ. ಹಳ್ಳಿಯಲ್ಲಿ ಬೆಳೆದ ಹಿರಿಯರಿಗೆ ಆ ಕರುವಿನ ವಿಷಯ ನಮಗಿಂತ ಚೆನ್ನಾಗಿ ಗೊತ್ತು. ತಮ್ಮ ಕಾಲದಲ್ಲಿ ಕರು ಕುಡಿದು ಉಳಿದದ್ದನ್ನಷ್ಟೇ ಕರೆಯುತ್ತಿದ್ದೆವು ಅಂತ ಅವರೇ ಮಾತು ತೆಗೆಯುತ್ತಾರೆ. ಕೇಳಿಸಿಕೊಳ್ಳಿ.

ಗಂಡಸರಿಗೆ ವಿಶೇಷವಾಗಿ ಒಂದು ಮಾತು. ನೀವು ವೀಗನ್ ಆದಿರಿ ಅಂತ ಮನೆಯ ಹೆಂಗಸರು ಎರಡೆರಡು ಒಗ್ಗರಣೆ ಹಾಕುವ ಹಾಗಾಗಬಾರದು. ಶೇಂಗಾ ಸಿಪ್ಪೆ ನೀವೇ ತೆಗೆಯಿರಿ, ಮಿಕ್ಸಿ ನೀವೇ ತೊಳೆಯಿರಿ. ಹಸುವಿನ ಮೇಲೆ ಕರುಣೆ ಇಟ್ಟು ಹೆಂಡತಿಯ ಬೆನ್ನಿಗೆ ಕೆಲಸ ಹೇರುವುದು ಯಾವ ಅಹಿಂಸೆ?

ಇನ್ನೊಂದು ಮಾತು ಇನ್ನೂ ಮುಖ್ಯ. ನಮ್ಮ ದೇಶದಲ್ಲಿ ಊಟಕ್ಕೂ ಜಾತಿಗೂ ಗಂಟು ಬಿದ್ದಿದೆ. ಏನು ತಿನ್ನುತ್ತಾರೆ ಅನ್ನುವುದರ ಮೇಲೆ ಮನೆ ಬಾಡಿಗೆ ಕೊಡುವುದೋ ಬೇಡವೋ ಅಂತ ತೀರ್ಮಾನ ಮಾಡುವ ಊರುಗಳಿವೆ. ವೀಗನ್ ಆಗುವುದು ಹೊಸ ಮಡಿ ಆಗಕೂಡದು. ಹಾಲು ಕುಡಿಯುವವರು ದನದ ಮಾಂಸ ತಿನ್ನುವವರ ಕಡೆ ಬೆರಳು ತೋರಿಸುತ್ತಾರಲ್ಲ, ಹಂತ 1ರ ಲೆಕ್ಕ ಗೊತ್ತಾದ ಮೇಲೆ ಆ ಬೆರಳು ತಾನಾಗಿ ಮಡಚಿಕೊಳ್ಳಬೇಕು. ಸರ್ಕಾರಿ ಶಾಲೆಯ ಮಕ್ಕಳ ಮೊಟ್ಟೆ ನಿಲ್ಲಿಸಿ ಅನ್ನುವ ಗುಂಪಿಗೂ ನಾನು ಸೇರುವುದಿಲ್ಲ. ಬೇಡ ಅನ್ನುವ ಮಕ್ಕಳಿಗೆ ಬಾಳೆಹಣ್ಣು ಕೊಡುವ ವ್ಯವಸ್ಥೆ ನಮ್ಮಲ್ಲಿದೆ. ಹಸಿದ ಮಗುವಿನ ತಟ್ಟೆಯಿಂದ ತೆಗೆಯುವುದು ಕೊನೆಯ ಮಾತು. ಹೊಟ್ಟೆ ತುಂಬಿದ, ಆಯ್ಕೆ ಇರುವ ನಾವು ಮೊದಲು.

ಹಂತ 9: ರೇಷ್ಮೆ, ಚರ್ಮ, ಜೇನು

ಊಟ ಒಂದು ಹದಕ್ಕೆ ಬಂದ ಮೇಲೆ ಇದಕ್ಕೆ ಬನ್ನಿ. ರಾಮನಗರದ ಮಾರುಕಟ್ಟೆಯಲ್ಲಿ ಬುಟ್ಟಿ ಬುಟ್ಟಿ ಗೂಡು ನೋಡಿದವರಿಗೆ ಗೊತ್ತು, ಪ್ರತಿ ಗೂಡಿನೊಳಗೂ ಒಂದು ಹುಳ ಜೀವಂತ ಇರುತ್ತದೆ. ಚಿಟ್ಟೆಯಾಗಿ ಗೂಡು ಕೊರೆದು ಬಂದರೆ ನೂಲು ತುಂಡಾಗುತ್ತದೆ ಅಂತ ಅದಕ್ಕೆ ಮೊದಲೇ ಬಿಸಿಗೆ ಹಾಕುತ್ತಾರೆ. ಒಂದು ಸೀರೆಗೆ ಇಂಥ ಸಾವಿರಾರು ಗೂಡು. ಇರುವ ರೇಷ್ಮೆ ಸೀರೆಯನ್ನು ಎಸೆಯುವುದರಲ್ಲಿ ಅರ್ಥವಿಲ್ಲ, ಅಜ್ಜಿಯ ಸೀರೆ ಉಟ್ಟುಕೊಳ್ಳಿ. ಹೊಸತು ಕೊಳ್ಳುವಾಗ ಕೈಮಗ್ಗದ ಹತ್ತಿ ನೋಡಿ, ಉಡುಪಿಯ ಹತ್ತಿ ಸೀರೆಗಳು ಮದುವೆಗೂ ಚೆನ್ನಾಗಿ ಕಾಣುತ್ತವೆ. ನೇಕಾರರಿಗೂ ಅಷ್ಟು ಆಸರೆ. ಚಪ್ಪಲಿ, ಬೆಲ್ಟಿಗೂ ಇದೇ ಮಾತು: ಇರುವುದು ಸವೆಯುವವರೆಗೆ ಬಳಸಿ, ಮುಂದಿನದು ಚರ್ಮದ್ದು ಬೇಡ. ಜೇನಿನ ಜಾಗಕ್ಕೆ ಜೋನಿಬೆಲ್ಲ.

ಹಂತ 10: ಬಿಟ್ಟದ್ದಾಯಿತು, ಇನ್ನು ಕೊಡುವುದು

ಹಾಲು ಬಿಟ್ಟದ್ದರಿಂದ ಉಳಿದ ದುಡ್ಡಲ್ಲಿ ತಿಂಗಳಿಗೊಮ್ಮೆ ಹತ್ತಿರದ ಗೋಶಾಲೆಗೋ ಪ್ರಾಣಿ ಆಶ್ರಯಕ್ಕೋ ಮೇವು ಕೊಡಿ. ಹೋಗುವ ಮುಂಚೆ ಎರಡು ಪ್ರಶ್ನೆ ಕೇಳಿ: ಗಂಡುಕರುಗಳು, ಬತ್ತಿದ ಹಸುಗಳು ಎಷ್ಟಿವೆ? ಇಲ್ಲಿಂದ ಹಾಲು ಮಾರುತ್ತೀರಾ? ಹೋರಿಗಳನ್ನು ಸಾಯುವವರೆಗೂ ಸಾಕುವ ಜಾಗಕ್ಕೆ ನಿಮ್ಮ ದುಡ್ಡು ಹೋಗಲಿ.

ಪ್ರಾಣಿಹಿಂಸೆ ತಡೆ ಕಾಯ್ದೆ 1960ರದ್ದು. ಪ್ರಾಣಿಯನ್ನು ಹೊಡೆದು ಬಡಿದರೆ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಅಂತ ಅದರಲ್ಲಿ ಇನ್ನೂ ಬರೆದಿದೆ. ಈ ಮೊತ್ತ ಬದಲಾಗಲಿ ಅಂತ ನಿಮ್ಮ ಸಂಸದರಿಗೆ ಕನ್ನಡದಲ್ಲೇ ಒಂದು ಪತ್ರ ಬರೆಯಿರಿ. ಜೀವಿಗಳ ಮೇಲೆ ಅನುಕಂಪ ಇರುವುದು ಪ್ರತಿ ಪ್ರಜೆಯ ಕರ್ತವ್ಯ ಅಂತ ಸಂವಿಧಾನದ 51ಎ(ಜಿ) ವಿಧಿ ಹೇಳುತ್ತದೆ, ಅದನ್ನೂ ಪತ್ರದಲ್ಲಿ ಸೇರಿಸಿ.

ಇನ್ನು ದಿನಾ ಮಾಡಬಹುದಾದ ಕೆಲಸ. ತರಕಾರಿ ಸಿಪ್ಪೆ, ಉಳಿದ ಅನ್ನವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಬೀದಿಗೆ ಎಸೆಯಬೇಡಿ. ಬೀಡಾಡಿ ದನಗಳು ಕವರಿನ ಸಮೇತ ನುಂಗುತ್ತವೆ, ಅದು ಹೊಟ್ಟೆಯಲ್ಲೇ ಗಂಟಾಗಿ ಉಳಿಯುತ್ತದೆ. ಸಿಪ್ಪೆಯನ್ನು ಬಕೆಟ್‌ನಲ್ಲಿ ಬೇರೆ ಇಟ್ಟು ಹಸಿ ಕಸದ ಗಾಡಿಗೆ ಹಾಕಿ. ಬೇಸಿಗೆಯಲ್ಲಿ ಗೇಟಿನ ಹೊರಗೆ ಒಂದು ಸಿಮೆಂಟ್ ತೊಟ್ಟಿ ಇಟ್ಟು ನೀರು ತುಂಬಿಸಿ, ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆಯಿರಿ, ಸೊಳ್ಳೆ ಆಗುವುದಿಲ್ಲ.